ರಿಪೋರ್ಟಿಗಿಂತ ಮೊದಲು ಮಯೂರಿಯ ಫೋನು

ಬೆಳಗಿನ ಐದೂಮುಕ್ಕಾಲು. ಹಾರೂಗೇರಿಯಿಂದ ನಾಲ್ಕು ಕಿಲೋಮೀಟರ್ ಆಚೆ, ಕಬ್ಬಿನ ನಡುವಿನ ತೋಟದ ಮನೆಯ ಕಟ್ಟೆಯ ಮೇಲೆ ಜಕ್ಕಪ್ಪ ತೋಳು ಚಾಚಿ, ಮುಖ ಆ ಕಡೆ ತಿರುಗಿಸಿ ಕುಳಿತಿದ್ದಾರೆ. ಆಳೆತ್ತರದ ಎತ್ತುಗಳನ್ನು ಮೂಗುದಾರ ಹಿಡಿದು ನಿಲ್ಲಿಸುವ ಗಟ್ಟಿ ಮನುಷ್ಯನಿಗೆ ಸೂಜಿ ಕಂಡರೆ ಆಗುವುದಿಲ್ಲ. ಬರಿಹೊಟ್ಟೆಯ ರಕ್ತ ತೆಗೆಯಲು ಬಂದು ಎದುರಿಗೆ ಕುಳಿತ ಮಯೂರಿ ಕಾಂಬಳೆ ತೋಳಿಗೆ ಪಟ್ಟಿ ಬಿಗಿಯುತ್ತ ದಿನದ ವಿಚಾರಣೆ ಶುರು ಮಾಡುತ್ತಾರೆ. ಚಹಾ ಆಯಿತೇ? ಬಾಳೆಹಣ್ಣು? ಪ್ರಸಾದ? ಶಾಬೂ? ಎಲ್ಲಕ್ಕೂ ಇಲ್ಲ, ಇಲ್ಲ ಎನ್ನುತ್ತಿದ್ದ ಜಕ್ಕಪ್ಪ ಶೇಂಗಾದ ಮಾತು ಬಂದಾಗ ತಡವರಿಸುತ್ತಾರೆ.

"ನಾಕ ಕಾಳ ಬಾಯಾಗ ಹಾಕ್ಕೊಂಡಿದ್ನೆವಾ."

"ನಿಮ್ಮ ನಾಕ ಕಾಳ ಅಂದ್ರ ಒಂದ ಮುಷ್ಟಿ ಮಾಮಾ. ನಾಳೆ ಬರತೀನಿ," ಎಂದು ಮಯೂರಿ ಪಟ್ಟಿ ಬಿಚ್ಚಿ ಎದ್ದೇಬಿಡುತ್ತಾರೆ. ಸೂಜಿ ತಪ್ಪಿದ ಖುಷಿಯನ್ನು ಜಕ್ಕಪ್ಪ ಬಚ್ಚಿಡಲು ಹೋಗುವುದಿಲ್ಲ.

ಹಾರೂಗೇರಿ ಬಸ್ ನಿಲ್ದಾಣದ ಸಮೀಪದ ಪುಟ್ಟ ಲ್ಯಾಬಿನಲ್ಲಿ ಮಯೂರಿ ಹನ್ನೊಂದು ವರ್ಷಗಳಿಂದ ಇದ್ದಾರೆ. ಈಗ, 2018ರಲ್ಲಿ, ಅವರಿಗೆ ಮೂವತ್ನಾಲ್ಕು. ಅಪ್ಪ ಅವ್ವ ಚಿಕ್ಕೋಡಿ ಕಡೆ ಕೂಲಿ ಮಾಡಿ ಮಗಳನ್ನು ಲ್ಯಾಬಿನ ಕೋರ್ಸಿಗೆ ಮಿರಜಿಗೆ ಕಳಿಸಿದರು. ವಾರಕ್ಕೆ ಆರು ದಿನ ಸ್ಕೂಟಿಯ ಮೇಲೆ ನಲವತ್ತು ಕಿಲೋಮೀಟರ್, ದಿನಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಮನೆ. ಸಕ್ಕರೆ ಪರೀಕ್ಷೆಯ ರಕ್ತ ತುಂಬಿದ ಬೂದು ಮುಚ್ಚಳದ ಟ್ಯೂಬುಗಳು ಒಂಬತ್ತರೊಳಗೆ ಲ್ಯಾಬು ಸೇರಬೇಕು. ಮೊದಮೊದಲು ಕೆಲವರು ಹೆಸರಾದ ಮೇಲೆ ಅಡ್ಡಹೆಸರನ್ನೂ ಕೇಳಿ, ಜಾತಿ ತಿಳಿದು, ಕಟ್ಟೆಯಿಂದಾಚೆಯೇ ನಿಲ್ಲಿಸುತ್ತಿದ್ದರು. ಅಂಥ ಮನೆಗಳ ಒಲೆಯ ಮೇಲೆ ಇವತ್ತು ಏನು ಬೇಯುತ್ತಿದೆ ಎಂಬುದು ಈಗ ಮಯೂರಿಗೆ ಬಾಯಿಪಾಠ. ಆ ದಿನಗಳ ಮಾತೆತ್ತಿದರೆ ಅವರು ಕೈ ಆಡಿಸಿ ಮುಂದಿನ ಮನೆಗೆ ಹೊರಡುತ್ತಾರೆ.

ಹೋದ ವರ್ಷದ ಯುಗಾದಿಯಿಂದ ಲ್ಯಾಬಿನ ರಿಪೋರ್ಟುಗಳು ವಾಟ್ಸಾಪಿಗೆ ಹೋಗತೊಡಗಿದವು. ಹೆಚ್ಚಿನವರಿಗೆ ಇದು ಹಬ್ಬವೇ ಆಯಿತು. ಉಗಾರ ಬುದ್ರುಕದಲ್ಲಿ ನೌಕರಿ ಮಾಡುವ ಸತ್ತೆಪ್ಪ ಮೊದಲು ಒಂದು ಕಾಗದಕ್ಕಾಗಿ ಅರ್ಧ ದಿನ ರಜೆ ಹಾಕುತ್ತಿದ್ದರು. ಈಗ ಚಹಾ ಕುಡಿಯುತ್ತಲೇ ರಿಪೋರ್ಟ್ ನೋಡಿ, ಹೋದ ಸಲದ್ದಕ್ಕೆ ಹೋಲಿಸಿ, ಡಾಕ್ಟರಿಗೂ ಕಳಿಸುತ್ತಾರೆ. ಸಕ್ಕರೆ ಇಲ್ಲದ ಚಹಾ ಎಂದು ಯಾರೂ ಕೇಳದಿದ್ದರೂ ಸೇರಿಸುತ್ತಾರೆ. ದ್ರೌಪದಿಬಾಯಿಯ ಸಂಕಟವೇ ಬೇರೆ. ಅವರ ಮನೆಯಲ್ಲಿ ದೊಡ್ಡ ಫೋನು ಇರುವುದು ಸೊಸೆಯ ಬಳಿ. "ನನ್ನ ರಕ್ತ, ನನ್ನ ಸಕ್ಕರಿ. ನನಗಿಂತ ಮೊದಲ ಸೊಸಿಗೆ ಗೊತ್ತಾಕ್ಕೈತಿ. ಮಧ್ಯಾಹ್ನ ತಾಟಿನ್ಯಾಗ ಅನ್ನ ಕಡಿಮಿ ಬಿತ್ತಂದ್ರ ರಿಪೋರ್ಟ್ ಬಂದೈತಿ ಅಂತ ತಿಳ್ಕೋಬೇಕು," ಎನ್ನುತ್ತಾರೆ ಅವರು.

ಮಯೂರಿಗೂ ಈ ಹೊಸ ವ್ಯವಸ್ಥೆ ಮೆಚ್ಚುಗೆಯೇ ಆಗಿತ್ತು, ಆಷಾಢ ಏಕಾದಶಿಯ ಆ ದಿನದವರೆಗೆ.

ಕುರಿ ಸಾಕುವ ಕಾಮಣ್ಣನ ಹೆಂಡತಿ ಸಕ್ಕುಬಾಯಿ ಕೊರಳಲ್ಲಿ ತುಳಸಿಮಾಲೆ ಹಾಕಿದವರು. ಹೇಗೂ ಇವತ್ತು ಊಟವಿಲ್ಲ, ರಕ್ತ ಇಂದೇ ತೆಗೆದುಬಿಡು ಎಂದು ಅವರೇ ಮಯೂರಿಯನ್ನು ಕರೆಸಿಕೊಂಡಿದ್ದರು. ಏನಾದರೂ ತಿಂದಿದ್ದೀರಾ ಎಂದರೆ ಇಲ್ಲವೆಂದರು. ಅದರಲ್ಲಿ ಕಪಟವಿರಲಿಲ್ಲ. ನಸುಕಿನಲ್ಲಿ ವಿಠ್ಠಲನ ಪೂಜೆ ಮುಗಿಸಿ ಒಂದು ಬಟ್ಟಲು ಸಬ್ಬಕ್ಕಿಯ ಶಾಬೂ ಖಿಚಡಿ, ಒಂದು ಬಾಳೆಹಣ್ಣು ಆಗಿತ್ತು. ಏಕಾದಶಿಯ ಶಾಬೂವನ್ನು ಆ ಮನೆಯಲ್ಲಿ ಯಾರೂ ತಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಯೂರಿಯ ಮನೆಯವರು ಬುದ್ಧನ ಹಾದಿಯವರು. "ನಮ್ಮಲ್ಲಿ ಏಕಾದಶಿ ಹಿಡಿಯೂ ರೂಢಿ ಇಲ್ರಿ. ನನಗ ಹೊಳೀಲೇ ಇಲ್ಲ. ತಪ್ಪು ನಂದು," ಎಂದು ಮಯೂರಿ ಇವತ್ತಿಗೂ ಹೇಳುತ್ತಾರೆ.

ಹನ್ನೊಂದರ ಹೊತ್ತಿಗೆ ಮಗ ಬೀರದೇವನ ಫೋನಿಗೆ ರಿಪೋರ್ಟ್ ಬಂತು. ಬರಿಹೊಟ್ಟೆಯ ಸಕ್ಕರೆ ಮುನ್ನೂರಾ ಹದಿನೆಂಟು, ಅದೂ ಕೆಂಪಕ್ಷರದಲ್ಲಿ. ಬೀರದೇವ ಗುಳಿಗೆಯ ಡಬ್ಬಿ ಹುಡುಕಿ ತಂದ. ಡಾಕ್ಟರನ್ನು ಕೇಳುವಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವ್ವನಿಗೆ ಮಾಮೂಲಿನ ಒಂದು ಗುಳಿಗೆಯ ಜಾಗದಲ್ಲಿ ಎರಡು ನುಂಗಿಸಿದ. ಸಕ್ಕುಬಾಯಿ ಆಮೇಲೆ ಶಾಬೂವನ್ನೂ ಮುಟ್ಟಲಿಲ್ಲ. ಇಳಿಹೊತ್ತಿಗೆ ಮೈಯೆಲ್ಲ ಬೆವತು, ಕೈ ನಡುಗಿ, ಮಾತು ತೊದಲತೊಡಗಿತು. ಸೊಸೆ ಗಂಗಾ ಲ್ಯಾಬಿನ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಎರಡು ಗುಳಿಗೆಯ ಸಂಗತಿ ಕೇಳಿದ್ದೇ ಮಯೂರಿ, ತಕ್ಷಣ ಸಕ್ಕರೆ ನೀರು ಕುಡಿಸು ಎಂದರು. ಗಂಗಾಗೆ ದಿಕ್ಕೇ ತೋಚಲಿಲ್ಲ.

"ಫೋನಿನ್ಯಾಗ ಮುನ್ನೂರಾ ಹದಿನೆಂಟು ಐತಿ ಅಕ್ಕಾ. ನೀವು ಸಕ್ಕರಿ ಕೊಡು ಅಂತೀರಿ?"

"ಅದು ಮುಂಜಾನೀದು. ಈಗ ಸಕ್ಕರಿ ಇಳದೈತಿ, ಅತ್ತಿ ಮುಖ ನೋಡು. ಮಾತಾಡಾಕ ಬರಾಕತ್ತೈತಿಲ್ಲ? ನುಂಗತಾರಿಲ್ಲ? ಹಂಗಾರ ಕುಡಸು. ಕುಡಿಸಿ ದವಾಖಾನಿಗೆ ಕರಕೊಂಡ ಬರ್ರಿ, ನಾ ಅಲ್ಲೇ ಇರತೀನಿ."

ಗಂಗಾ ಅಂಕಿಯನ್ನು ನಂಬದೆ ಮಯೂರಿಯನ್ನು ನಂಬಿದಳು. ಸಕ್ಕುಬಾಯಿ ಉಳಿದರು. ದವಾಖಾನೆಯಲ್ಲಿ ಡಾಕ್ಟರು ಬೆಳಗಿನಿಂದ ಏನೇನು ಬಾಯಿಗೆ ಹೋಯಿತು ಎಂದು ಒಂದೊಂದಾಗಿ ಕೆದಕಿದಾಗಲೇ ಶಾಬೂ ಖಿಚಡಿ ಹೊರಬಿದ್ದದ್ದು. ಬೀರದೇವ ಮೂಲೆಯಲ್ಲಿ ನಿಂತು ಅತ್ತ.

ಮರುದಿನವೇ ಮಯೂರಿ ಲ್ಯಾಬಿನ ಮಾಲೀಕರ ಎದುರು ಕುಳಿತರು. ಸಕ್ಕರೆಯ ಯಾವ ರಿಪೋರ್ಟೂ ತಾನು ಮಾತಾಡದೆ ಯಾರ ಫೋನಿಗೂ ಹೋಗಕೂಡದು. ಜನಕ್ಕೆ ಬೇಗ ಬೇಕು, ಒಂದು ಗುಂಡಿ ಒತ್ತಿದರೆ ಮುಗಿಯುವ ಕೆಲಸಕ್ಕೆ ಇಪ್ಪತ್ತೈದು ಕರೆ ಯಾರು ಮಾಡುತ್ತಾರೆ ಎಂದರು ಮಾಲೀಕರು. ನಾನು ಮಾಡುತ್ತೇನೆ ಎಂದರು ಮಯೂರಿ. ಅಂದಿನಿಂದ ಹನ್ನೊಂದರಿಂದ ಒಂದರವರೆಗೆ ಅವರ ಕಿವಿಗೆ ಬಿಡುವಿಲ್ಲ. ಕರೆಯಲ್ಲಿ ರೋಗಿಯೇ ಮಾತಾಡಬೇಕು. ಏನು ತಿಂದಿದ್ದಿರಿ, ಯಾವ ಗುಳಿಗೆ, ಡಾಕ್ಟರನ್ನು ಯಾವಾಗ ಕಾಣುತ್ತೀರಿ, ಇಷ್ಟಾದ ಮೇಲೆ ಅಂಕಿ, ಕಡೆಗೆ ವಾಟ್ಸಾಪು. ದ್ರೌಪದಿಬಾಯಿ ಈಗ ಸೊಸೆಗಿಂತ ಮುಂದಿದ್ದಾರೆ.

ಸಕ್ಕುಬಾಯಿ ಮಾತ್ರ ವರ್ಷವಿಡೀ ಆ ಫೋನಿನ ಮುಖ ನೋಡಲಿಲ್ಲ. ರಿಪೋರ್ಟಿನ ಸದ್ದಾದರೆ ಹಿತ್ತಲಿಗೆ ಎದ್ದು ಹೋಗುತ್ತಿದ್ದರು. ಮಗ ಸಕ್ಕರೆಯ ಮಾತೆತ್ತಿದರೆ ಕುರಿಗಳ ಮಾತು ತೆಗೆಯುತ್ತಿದ್ದರು. ಇದೊಂದು ಭಯ ಬಿಡಿಸಿದರೆ ತನ್ನ ಹನ್ನೊಂದು ವರ್ಷದ ಕೆಲಸ ಸಾರ್ಥಕ ಎಂದು ಮಯೂರಿಗೆ ಆಸೆ. ಗಂಗಾಳನ್ನು ಹಿಡಿದು, ಓದು ಬಾರದ ಅತ್ತೆಗೆ ದಿನವೂ ಪಾಟಿಯ ಮೇಲೆ ಅಂಕಿ ತಿದ್ದಿಸು ಎಂದು ಮೂರು ತಿಂಗಳಿಂದ ಬೆನ್ನು ಹತ್ತಿದ್ದಾರೆ.

ಇವತ್ತಿನ ಪಟ್ಟಿಯಲ್ಲಿ ಕೊನೆಯ ಹೆಸರು ಸಕ್ಕುಬಾಯಿಯದೇ. ಮಯೂರಿ ಕರೆ ಮಾಡುತ್ತಾರೆ. ಪ್ರಶ್ನೆಗಳೆಲ್ಲ ಮುಗಿದು ಅಂಕಿ ಹೇಳುವ ಹೊತ್ತಿಗೆ ಸಕ್ಕುಬಾಯಿ ತಡೆಯುತ್ತಾರೆ.

"ಹೇಳಬ್ಯಾಡ. ಕಳಸು. ಫೋನ ಇಡಬ್ಯಾಡ."

ಮಯೂರಿ ಕಳಿಸಿ ಕಾಯುತ್ತಾರೆ. ಆ ಕಡೆ ಯಾವ ಸಾಲು ಎಂದು ಗಂಗಾ ಮೆಲ್ಲಗೆ ಹೇಳಿಕೊಡುವುದು ಕೇಳುತ್ತದೆ.

"ಒಂದು. ಎರಡು. ಎಂಟು. ನೂರಾ ಇಪ್ಪತ್ತೆಂಟು. ಹೌದಿಲ್ಲೋ?"

ಹೌದು ಎಂದು ಮಯೂರಿ ಪಟ್ಟಿಯಲ್ಲಿ ಅವರ ಹೆಸರಿಗೆ ಗೀಟು ಹಾಕುತ್ತಾರೆ. ಅಷ್ಟರಲ್ಲಿ ಆ ಕಡೆ ಸಕ್ಕುಬಾಯಿ ಮಗನನ್ನು ಕರೆಯುತ್ತಿದ್ದಾರೆ.

"ಬಾ ಇಲ್ಲೆ ಬೀರದೇವಾ. ನಂದು ಓದಿ ಆತು. ಈಗ ನೀ ನೋಡು."