ಬುದ್ಧನ ವಾರ

ದೋಣಿಮಲೈ ಗಣಿ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಬೌದ್ಧರ ಮನೆ ನಮ್ಮದೊಂದೇ. ಪಡಸಾಲೆಯಲ್ಲಿ ಬುದ್ಧನ ಮೂರ್ತಿಯಿತ್ತು. ಪೂಜೆ, ನೈವೇದ್ಯ ಎಂದರೆ ಅಪ್ಪನಿಗೆ ಸಿಟ್ಟು. ಸೋಮವಾರ ಉಪವಾಸ ತಪ್ಪಿಸದ ಪಕ್ಕದ ಮನೆಯ ಅಜ್ಜಿ ಒಮ್ಮೆ ಅಪ್ಪನನ್ನು ಕೇಳಿದಳು: “ನಿಮ್ಮ ದೇವ್ರಿಗೆ ಯಾವ ವಾರನೋ ತಮ್ಮಾ?”

ಬುದ್ಧ ದೇವರಲ್ಲ, ವಾರವೂ ಇಲ್ಲ ಎಂದು ಅಪ್ಪ ಶುರು ಮಾಡಿದವನು ಲಂಕಾ, ಚೀನಾ, ಜಪಾನ್ ಎಲ್ಲ ದಾಟಿದ. ಬುದ್ಧ ಹೋದ ಕಡೆಯೆಲ್ಲ ಆಯಾ ದೇಶದವರು ಅವನನ್ನು ತಮ್ಮವನನ್ನಾಗಿ ಮಾಡಿಕೊಂಡರು ಎಂದ. ಅಜ್ಜಿ ಪೂರ್ತಿ ಕೇಳಿದಳು. “ಭಾಳ ತಿರುಗ್ಯಾನ ಪಾಪ. ಆತಗ ಒಂದು ವಾರ ಬ್ಯಾಡೇನು?”

ಮಂಗಳವಾರ ಅಪ್ಪನಿಗೆ ಗಣಿ ಕೆಲಸಕ್ಕೆ ರಜೆ. ಅಂದು ಅವನು ಮೂರ್ತಿಯ ಧೂಳು ಒರೆಸುವುದನ್ನು ಅಜ್ಜಿ ಕಿಟಕಿಯಿಂದ ನೋಡಿದಳು. ಅಲ್ಲಿಗೆ ವಾರ ನಿಕ್ಕಿಯಾಯಿತು. ಪ್ರತಿ ಮಂಗಳವಾರ ಬುದ್ಧನ ಮುಂದೆ ಅಜ್ಜಿ ತಂದಿಟ್ಟ ಒಂದು ಬಟ್ಟಲು ಸಿಹಿ ಸಜ್ಜಕ. ಅಪ್ಪ ಸಿದ್ಧಾಂತ ಹೇಳುತ್ತಿದ್ದ, ನಾನು ಬಟ್ಟಲು ಖಾಲಿ ಮಾಡುತ್ತಿದ್ದೆ.

ಹೋದ ವರ್ಷ ಕಂಪನಿಯವರು ಅಪ್ಪನ ರಜೆಯನ್ನು ಶನಿವಾರಕ್ಕೆ ಬದಲಿಸಿದರು. ಮೊದಲ ಶನಿವಾರ ಅವನು ಮೂರ್ತಿ ಒರೆಸುತ್ತಿದ್ದಾಗ ಅಜ್ಜಿ ಬಾಗಿಲಲ್ಲೇ ನಿಂತಳು. ಬುದ್ಧನನ್ನು ಕನಿಕರದಿಂದ ನೋಡಿದಳು.

“ಚೀನಾಕ್ಕ ಹೋದಾತನ್ನೂ ಬಿಡ್ಲಿಲ್ಲೇನೋ ನಿಮ್ಮ ಕಂಪನಿಯವ್ರು? ರಜಾ ಬದಲಿ ಮಾಡೇಬಿಟ್ರಲ್ಲ.”