ಅವರು ತುಂಬಿಸಿಟ್ಟ ಪೆಟ್ರೋಲ್

ತೀರಿಹೋದವರನ್ನು ನೆನೆಯುವ ಆಲ್ ಸೋಲ್ಸ್ ಡೇಗೆ ಮುಂಚೆ ನಾದಿನಿ ಫೋನ್ ಮಾಡಿದ್ದಳು. ಚರ್ಚಿನ ಸಿಮೆಟ್ರಿಯಲ್ಲಿ ಮಳೆಗಾಲದ ಹುಲ್ಲು ಸೊಂಟದವರೆಗೆ ಬೆಳೆದಿದೆಯಂತೆ. ತನ್ನ ಅಣ್ಣನ, ಅಂದರೆ ನನ್ನ ಗಂಡನ, ಹುಲ್ಲು ಕತ್ತರಿಸುವ ಮೆಷಿನ್ ಕೊಡುತ್ತೀರಾ ಎಂದು ಕೇಳಿದಳು. ನಾನು ಕೊಡಲಿಲ್ಲ. "ಇಟ್ಸ್ ಎ ಡೆಲಿಕೇಟ್ ಥಿಂಗ್, ಮೈ ಡಿಯರ್" ಎಂದೆ. ಕಾನ್ವೆಂಟ್ ಶಾಲೆಯಲ್ಲಿ ಕಲಿತ ಆ ದನಿ ಬೇಡವಾದಾಗಲೂ ನನ್ನ ಬಾಯಿಗೆ ಬರುತ್ತದೆ. ಗಂಡ ತೀರಿಕೊಂಡ ಮೇಲಿನ ಮೊದಲ ಆಲ್ ಸೋಲ್ಸ್ ಅದು. ಅವರ ಸಮಾಧಿಯನ್ನು ನಾನೇ ಚೊಕ್ಕ ಮಾಡಬೇಕು, ಮೊದಲ ಕ್ಯಾಂಡಲ್ ನಾನೇ ಹಚ್ಚಬೇಕು ಎಂಬ ಹಟ ನನಗಿತ್ತು.

ಆ ಮೆಷಿನಿನ ಕಾರ್ಬ್ಯುರೇಟರಿಗೆ ಅಂಟಿಕೊಂಡು ನೆಲ್ಲಿಕಾಯಿಯಷ್ಟು ದೊಡ್ಡ, ಒಳಗಿನದು ಕಾಣುವ ರಬ್ಬರ್ ಗುಳ್ಳೆಯೊಂದಿದೆ. ಪ್ರೈಮರ್ ಬಲ್ಬ್. ಅವರು ನನ್ನನ್ನು ಅಂಗಳದಲ್ಲಿ ಕೂರಿಸಿ ಕಲಿಸಿದ್ದರು. ಒತ್ತಿದರೆ ಒಳಗಿನ ಗಾಳಿ ಟ್ಯಾಂಕಿಗೆ ಹೋಗುತ್ತದೆ. ಬಿಟ್ಟರೆ ಗುಳ್ಳೆ ಉಬ್ಬಿ, ಪೆಟ್ರೋಲನ್ನು ಕಾರ್ಬ್ಯುರೇಟರಿನ ಮೂಲಕ ಹೀರಿಕೊಳ್ಳುತ್ತದೆ. ಹೆಚ್ಚಾದದ್ದು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೇ ವಾಪಸ್. ಇಂಜಿನಿಗೆ ಅದು ಪೆಟ್ರೋಲ್ ಕುಡಿಸುವುದಿಲ್ಲ, ಬಾಗಿಲವರೆಗೆ ತಂದು ನಿಲ್ಲಿಸುತ್ತದೆ, ಅಷ್ಟೇ. ಸ್ಟಾರ್ಟ್ ಮಾಡಲು ಹಗ್ಗ ಎಳೆದಾಗ ಇಂಜಿನ್ ತಾನೇ ಒಳಗೆ ಎಳೆದುಕೊಳ್ಳುತ್ತದೆ. ನಾನು ಅವಸರದಲ್ಲಿ ಟಕಟಕ ಒತ್ತುತ್ತಿದ್ದೆ.

"ಒತ್ತುವುದರಲ್ಲಿ ಎಂತ ಉಂಟು ಮಾರಾಯ್ತಿ? ಪೂರ್ತಿ ಬಿಡು. ಬಿಟ್ಟರೆ ಅಲ್ವಾ ಅದು ಎಳೆಯುದು" ಎನ್ನುತ್ತಿದ್ದರು.

ಮಳೆಗಾಲಕ್ಕೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಉಳಿದದ್ದು ಮುಗಿಯುವವರೆಗೆ ಇಂಜಿನ್ ಓಡಿಸಿ ಇಡುವುದು ಅವರ ಪದ್ಧತಿ. ನಿಂತ ಪೆಟ್ರೋಲಿಗೆ ರಬ್ಬರ್ ಗಟ್ಟಿಯಾಗುತ್ತದೆ ಎಂದು ನನಗೂ ಗೊತ್ತಿತ್ತು. ಆದರೆ ಈ ಸಲ ಟ್ಯಾಂಕಿನಲ್ಲಿದ್ದದ್ದು, ಮೇ ತಿಂಗಳಲ್ಲಿ ಹಾಸಿಗೆ ಹಿಡಿಯುವ ಮೊದಲು ಅವರೇ ಆಯಿಲ್ ಬೆರೆಸಿ ತುಂಬಿಸಿದ ಪೆಟ್ರೋಲ್. ಚೆಲ್ಲಲು ಮನಸ್ಸು ಬರಲಿಲ್ಲ. ಸಿಲ್ಲಿ, ಗೊತ್ತು. ಮಳೆಗಾಲವಿಡೀ ಅದು ಶೆಡ್ಡಿನಲ್ಲಿ ಹಾಗೇ ಇತ್ತು.

ಸಿಮೆಟ್ರಿಗೆ ಚರ್ಚಿನ ನಮ್ಮ ವಾರ್ಡಿನ ಹೆಂಗಸರೆಲ್ಲ ಹುಲ್ಲು ಕೊಯ್ಯುವ ಕತ್ತಿ ಹಿಡಿದು ಬಂದಿದ್ದರು. ನಾನು ಮೆಷಿನನ್ನು ರಿಕ್ಷಾದಿಂದ ಇಳಿಸುವಾಗ ಎಲ್ಲರೂ ನೋಡಿದರು; ನೋಡಲಿ ಎಂದೇ ನನಗೂ ಇತ್ತು. ಬಲ್ಬ್ ಒತ್ತಿದೆ. ಒಳಕ್ಕೆ ಹೋದ ಗುಳ್ಳೆ ಮುನಿಸಿಕೊಂಡ ಹಾಗೆ ಮೆಲ್ಲಗೆ ಎದ್ದಿತು. ತಳದಲ್ಲಿ ಸ್ವಲ್ಪ ಪೆಟ್ರೋಲ್ ಕಂಡಿತು. ಹೆಬ್ಬೆರಳಿನಲ್ಲಿ ಬಲವಾಗಿ ಅದುಮಿದೆ. ಗಟ್ಟಿಯಾಗಿದ್ದ ಗುಳ್ಳೆ ಸೀಳಿಹೋಗಿ, ಪೆಟ್ರೋಲ್ ನನ್ನ ಎರಡೂ ಕೈಗೆ, ಸೀರೆಗೆ ಹಾರಿತು.

"ಡೆಲಿಕೇಟ್ ಥಿಂಗ್ ಅಲ್ವಾ ಅದು," ಹಿಂದಿನಿಂದ ಯಾರೋ ಹೇಳಿದರು. ಸಣ್ಣ ನಗು. ಅಂದರೆ ನನ್ನ ಮಾತು ವಾರ್ಡಿಡೀ ತಿರುಗಿ ಬಂದಿತ್ತು.

ನಾದಿನಿ ನಗಲಿಲ್ಲ. ತನ್ನ ಅಪ್ಪ ಅಮ್ಮನ ಸಮಾಧಿಯ ಕೆಲಸ ಮುಗಿಸಿದವಳು, ಕತ್ತಿ ತೆಗೆದುಕೊಂಡು ಅಣ್ಣನ ಸಮಾಧಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ನಾನೂ ಕೈಯಲ್ಲೇ ಕೀಳೋಣವೆಂದರೆ ಮಂಡಿ ಬಗ್ಗಲಿಲ್ಲ. ಹುಲ್ಲು ಹೋಗಿ ಅವರ ಹೆಸರು ಕಂಡಿತು. ಅವಳು ಅಬ್ಬಲಿಗೆ ಹೂ ಇಟ್ಟಳು. ಚೊಕ್ಕ ಮಾಡಿದ ಕೂಡಲೇ ಕ್ಯಾಂಡಲ್ ಹಚ್ಚಿ ಪ್ರಾರ್ಥಿಸುವುದು ನಮ್ಮಲ್ಲಿ ರೂಢಿ. ನಾನು ಬೆಂಕಿಪೆಟ್ಟಿಗೆಗೆ ಕೈ ಚಾಚಿದೆ.

"ಬೇಡ ಅತ್ತಿಗೆ," ಅವಳು ಮೆತ್ತಗೆ ಹೇಳಿದಳು. "ಕೈಯಲ್ಲಿ ಪೆಟ್ರೋಲ್ ಉಂಟಲ್ಲ ನಿಮ್ಮ. ಸ್ವಲ್ಪ ಆಚೆ ನಿಲ್ಲಿ."

ಆಚೆ ಸಾಲಿನಲ್ಲಿ, ಯಾರದೋ ಸಮಾಧಿಯ ಪಕ್ಕ, ಕೈಗಳನ್ನು ಮೈಗೆ ತಾಗದ ಹಾಗೆ ಹಿಡಿದುಕೊಂಡು ನಿಂತೆ. ಅವಳು ಕ್ಯಾಂಡಲ್ ಹಚ್ಚಿದಳು. ನಾನು ಅಲ್ಲಿಂದಲೇ ಶಿಲುಬೆಯ ಗುರುತು ಮಾಡಿದೆ. ಹಣೆಗೂ ಪೆಟ್ರೋಲ್ ತಾಗಿತು.