ಗೋಲಿನ ಹಿಂದೆ ನಿಂತವನು

ನಮ್ಮ ಲೇಬರ್ ಕ್ಯಾಂಪಿನ ರೂಮಿನಲ್ಲಿ ಯಾರಾದರೂ ಪ್ರೇತ, ಮಾಯ ಎಂದು ಕಥೆ ಶುರುಮಾಡಿದರೆ ನಾನು ಹೊದಿಕೆ ಎಳೆದುಕೊಂಡು ಮಲಗಿಬಿಡುತ್ತಿದ್ದೆ. ಅಂಥದ್ದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇದೆ ಎನ್ನಲಾರೆ. ನಾನು ಏಳನೇ ಕ್ಲಾಸಿನವರೆಗೆ ಓದಿದವನು, ಚಂದ ಮಾಡಿ ಬರೆಯಲು ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ದುಬೈಯ ಒಂದು ಕಾಲೇಜಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ ನನಗೆ ಕೆಲಸ. ಹುಲ್ಲು ಕತ್ತರಿಸುವುದು, ನೀರು ಬಿಡುವುದು, ಬಿಳಿ ಗೆರೆ ಎಳೆಯುವುದು. ಈ ಸೆಕೆಯಲ್ಲಿ ಇಷ್ಟು ಹಸಿರು ನನ್ನ ಕೈಯಿಂದ ಉಳಿದಿದೆ ಎಂಬ ಹೆಮ್ಮೆಯೂ ಉಂಟು. ಆದರೆ ಊರಿಗೆ ಹೇಳಿದ್ದು ‘ಸ್ಟೇಡಿಯಂ ಮ್ಯಾನೇಜರ್’ ಎಂದು. ಗಲ್ಫಿಗೆ ಬಂದವರು ಕೆಲಸವನ್ನು ಒಂದು ಮೆಟ್ಟಿಲು ಏರಿಸಿ ಹೇಳುವುದುಂಟು. ನಾನು ಸ್ವಲ್ಪ ಜಾಸ್ತಿಯೇ ಏರಿಸಿದ್ದೆ. ಫೋಟೋ ಕಳಿಸುವುದಿದ್ದರೆ ರಜೆಯ ದಿನ, ಇಸ್ತ್ರಿ ಅಂಗಿ ಹಾಕಿಕೊಂಡೇ.

ಇದು ಕೆಲವು ವರ್ಷಗಳ ಹಿಂದಿನ ಮಾತು. ತಂಗಿ ಪ್ರಮೀಳಾ ಆಗ ಮಂಗಳೂರಿನಲ್ಲಿ ಕಾಲೇಜು ತಂಡದ ಗೋಲ್‌ಕೀಪರ್. ಅವಳ ತಂಡಕ್ಕೆ ನಮ್ಮ ಸ್ಟೇಡಿಯಂನಲ್ಲೇ ಆಡಲು ಕರೆ ಬಂತು.

“ಅಣ್ಣ, ನಿನ್ನ ಆಫೀಸು ಎಲ್ಲರಿಗೂ ತೋರಿಸ್ಬೇಕು ಆಯ್ತಾ?” ಅಂದಳು ಫೋನಿನಲ್ಲಿ.

ಅಬುಧಾಬಿಯಲ್ಲಿ ಮೀಟಿಂಗ್ ಉಂಟು ಎಂದುಬಿಟ್ಟೆ. ಮ್ಯಾಚಿನ ಸಂಜೆ ಗ್ಯಾಲರಿಯ ಕೆಳಗಿನ ಪಂಪ್ ರೂಮಿನಲ್ಲಿ ಅಡಗಿ ಕುಳಿತೆ. ಜೊತೆಗೆ ಕೆಲಸ ಮಾಡುವ ಕೇರಳದ ಶಾಜಿ ಹೊರಗಿನಿಂದ ಬೀಗ ಹಾಕಿ, ಬಾಗಿಲಿಗೇ ಕುರ್ಚಿ ಒರಗಿಸಿ ಕುಳಿತ.

ಒಳಗೆ ಕಿಟಕಿ ಇಲ್ಲ. ಜನರ ಗದ್ದಲ ಮಾತ್ರ ಕೇಳುತ್ತಿತ್ತು. ಕೊನೆಗೊಮ್ಮೆ ಸೀಟಿ ಊದಿದ್ದು ಕೇಳಿತು, ಗದ್ದಲ ಫಕ್ಕನೆ ನಿಂತಿತು. ಪೆನಾಲ್ಟಿ ಇರಬೇಕು ಅಂದುಕೊಂಡೆ. ಯಾವ ಗೋಲಿಗೆ ಎಂದು ತಿಳಿಯಲಿಲ್ಲ. ‘ಕಪ್ಪೆ, ಎಡಕ್ಕೆ ಹಾರು’ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಅವಳು ಚಿಕ್ಕವಳಿದ್ದಾಗ ಕೊಯ್ಲಾದ ಗದ್ದೆಯಲ್ಲಿ ಅವಳ ಹಿಂದೆ ನಿಂತು ಹಾಗೆಯೇ ಕೂಗುತ್ತಿದ್ದೆ. ನನ್ನನ್ನು ಬಿಟ್ಟು ಬೇರೆ ಯಾರೂ ಅವಳನ್ನು ಕಪ್ಪೆ ಎಂದು ಕರೆದದ್ದಿಲ್ಲ. ಈಗ ಮಾತ್ರ ತುಟಿ ಕೂಡ ಅಲ್ಲಾಡಿಸಲಿಲ್ಲ. ತಲೆಯ ಮೇಲೆ ಗ್ಯಾಲರಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತು.

ಎಲ್ಲ ಮುಗಿದ ಮೇಲೆ ಶಾಜಿ ಬೀಗ ತೆಗೆದ. “ಯಲ್ಲಾ, ಏಳು ಮ್ಯಾನೇಜರ್ ಸಾಬ್, ಮ್ಯಾಚ್ ಖಲಾಸ್! ತಂಗಿ ಬಸ್ ಹತ್ತಿದಳು. ನಿನ್ನ ಹುಲ್ಲು ಕಾಯ್ತಾ ಉಂಟು, ಬಾ.”

ಆಗಲೇ ಅವಳ ಫೋನು ಬಂತು.

“ಯಾಕೆ ಅಣ್ಣ ಓಡಿಹೋದದ್ದು? ಗೋಲಿನ ಹಿಂದೆ ನಿಂತು ‘ಕಪ್ಪೆ, ಎಡಕ್ಕೆ’ ಅಂತ ಬೊಬ್ಬೆ ಹೊಡೆದಿಯಲ್ಲ! ಹಾರಿದೆ, ಬಾಲು ಕೈಗೇ ಬಂತು. ತಿರುಗಿದ್ರೆ ನೀನು ನೀರಿನ ಪೈಪ್ ಹಿಡ್ಕೊಂಡು ನಿಂತಿದ್ದಿ.”

“ಏನು ಹಾಕಿಕೊಂಡಿದ್ದೆ ನಾನು?” ಎಂದೆ. 

“ಹಸಿರು ಯೂನಿಫಾರ್ಮು. ಪ್ಯಾಂಟು ಒಂದೇ ಕಾಲಿನದ್ದು ಮಡಚಿದ್ದು. ಚಂದದ ಮ್ಯಾನೇಜರ್ ಮಾರಾಯ ನೀನು! ನಾನು ಟೀಮಿನವ್ರಿಗೆಲ್ಲ ತೋರಿಸಿದೆ, ಅಲ್ಲಿ ನಿಂತವ ನನ್ನ ಅಣ್ಣ, ಈ ಹುಲ್ಲು ಅವನದ್ದೇ ಅಂತ.”

ನಾನು ಕೆಳಗೆ ನೋಡಿದೆ. ಮೈಮೇಲೆ ಅದೇ ಹಸಿರು ಯೂನಿಫಾರ್ಮು, ಬಲಗಾಲಿನ ಪ್ಯಾಂಟು ಮಡಚಿದ್ದು ಹಾಗೆಯೇ ಇತ್ತು. ಆ ಯೂನಿಫಾರ್ಮಿನಲ್ಲಿ ಅವಳು ನನ್ನನ್ನು ಒಮ್ಮೆಯೂ ಕಂಡವಳಲ್ಲ. ಬಾಗಿಲು ತೆರೆದಿಲ್ಲ ಎಂದು ಶಾಜಿ ತಾಯಿಯ ಮೇಲೆ ಆಣೆ ಹಾಕಿದ. ಆಮೇಲೆ, “ಒಳಗೂ ನೀನೇ, ಹೊರಗೂ ನೀನೇ. ಓವರ್‌ಟೈಮ್ ಕೇಳು” ಎಂದು ನಕ್ಕ. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮರುದಿನ ತಂಗಿಯ ತಂಡ ಊಟಕ್ಕೆ ಸೇರಿದ್ದ, ಕರಾಮ ಪೇಟೆಯ ನಮ್ಮ ಊರಿನವರ ಹೋಟೆಲಿಗೆ ಯೂನಿಫಾರ್ಮಿನಲ್ಲೇ ಹೋದೆ. ಹುಡುಗಿಯರೆಲ್ಲ ಅಣ್ಣ ಅಣ್ಣ ಎಂದು ಸುತ್ತ ಕುಳಿತು ನೀರುದೋಸೆಗೆ ಜಗಳ ಮಾಡಿದರು. ಅಷ್ಟು ಸಂತೋಷದ ಊಟ ಈ ದೇಶದಲ್ಲಿ ನಾನು ಮಾಡಿರಲಿಲ್ಲ. ಪಂಪ್ ರೂಮಿನಲ್ಲಿ ಅಡಗಿದ್ದನ್ನು ತಂಗಿಗೆ ಹೇಳಿ ತಪ್ಪೊಪ್ಪಿಕೊಂಡೆ. ಅವಳು ಈಗಲೂ ಅದನ್ನು ನಂಬುವುದಿಲ್ಲ, ನಗುತ್ತಾಳೆ.

ಬೇರೆ ಕೆಲಸದವನು ಯಾರೋ ಅಲ್ಲಿ ನಿಂತಿದ್ದ ಅನ್ನೋಣವೆಂದರೆ, ಕಪ್ಪೆ ಎಂಬ ಹೆಸರು ಅವನಿಗೆಲ್ಲಿ ಗೊತ್ತು? ಅವಳಿಗೆ ಭ್ರಮೆ ಅನ್ನೋಣವೆಂದರೆ, ಮಡಚಿದ ಪ್ಯಾಂಟು?  ಅಷ್ಟು ಜನರೆದುರು ಪೈಪ್ ಹಿಡಿದುಕೊಂಡು ತಂಗಿಯ ಹಿಂದೆ ನಿಲ್ಲುವ ಧೈರ್ಯ ಆ ಸಂಜೆ ನನಗಿರಲಿಲ್ಲ. ಗೋಲಿನ ಹಿಂದೆ ನಿಂತವನಿಗಿತ್ತು.